ಒಂದು ಚುಕ್ಕಿ ಕಡಿಮೆ

ತೀನ್ ಕಂದೀಲಿನಿಂದ ಒಳಗೆ, ಸರಾಫ ಬಜಾರಿನಲ್ಲಿ,
ಮೌನೇಶ ಪತ್ತಾರನ ಅಂಗಡಿಯ ಕಟ್ಟೆಗೆ
ವಾರಕ್ಕೊಮ್ಮೆ ಬಂದು ಕೂರುತ್ತೇನೆ.
ಕೊಳ್ಳುವವನಲ್ಲ.
ಕರಗುವ ಮೊದಲು ಒಮ್ಮೆ ನೋಡುವವನು.

ಹಟ್ಟಿಯ ಗಣಿಯಲ್ಲಿ ಮೂವತ್ತೊಂದು ವರ್ಷ ತೂಕ ಬರೆದ ಕೈ ಇದು:
ಒಂದು ಟನ್ನು ಕಲ್ಲು ಅರೆದರೆ ಮೂರು ಗ್ರಾಂ.
ಬಂಗಾರ ನನ್ನ ಲೆಡ್ಜರಿನಲ್ಲಿತ್ತು, ಬೆರಳಿನಲ್ಲಿರಲಿಲ್ಲ.
ಹಾಗಾಗಿ ನಾನು ಕೂಡಿಟ್ಟದ್ದು ನಾಣ್ಯಗಳ ನೆರಳು,
ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಹೊದಿಸಿ
ಉಗುರಿಂದ ತಿಕ್ಕಿ ತೆಗೆದ ಅಚ್ಚು:
ವರಾಹ, ನಿಜಾಮನ ಅಶ್ರಫಿ,
ಪುತಳಿಯಲ್ಲಿ ಮೊಣಕಾಲೂರಿದ ಯಾವನೋ ದೊರೆ.
ಎಲ್ಲ ಒಂದು ಬಿಸ್ಕೀಟ್ ಡಬ್ಬದಲ್ಲಿ.

ಮೊನ್ನೆ ಮುದಗಲ್ಲಿನ ಲಾಲ್‌ಬೀ
ಅಜ್ಜಿಯ ಪುತಳಿ ಸರ ತಂದು ತಕ್ಕಡಿಗಿಟ್ಟಳು.
ಹತ್ತೊಂಬತ್ತು ಪುತಳಿ. ನಡುವೆ ಒಂದು, ಬೇರೆ ಕುಲದ್ದು:
ಟೊಪ್ಪಿಗೆಯೊಳಗಿಂದ ಗುಂಗುರು ಕೂದಲು ಚೆಲ್ಲಿದ ಹೆಂಗಸು,
ಟೊಪ್ಪಿಗೆಯ ಪಟ್ಟಿಯ ಮೇಲೆ ಏಳು ಅಕ್ಷರ,
ಬೆನ್ನಿಗೆ ಬಾಣ ಹಿಡಿದ ಹದ್ದು.
ಕೆಳಗೆ, ಹದಿನೆಂಟುನೂರಾ ಏಳು.

ಭೂತಗನ್ನಡಿ ಹಿಡಿದ ಕೈ ನಡುಗಿತು.
ಪುಸ್ತಕದಲ್ಲಿ ಮಾತ್ರ ಕಂಡಿದ್ದೆ ಇವಳನ್ನು,
ಅಮೆರಿಕಕ್ಕೆ ಇನ್ನೂ ಹಾಲುಹಲ್ಲು ಉದುರಿರದ ಕಾಲದ
ಐದು ಡಾಲರಿನ ಬಂಗಾರ.
ಯಾವ ಹಡಗು, ಯಾವ ಹತ್ತಿಯ ಲೆಕ್ಕ,
ಯಾವ ಸೋಲಾಪುರದ ಸಾಹುಕಾರ ಇಲ್ಲಿಗೆ ದಾಟಿಸಿದನೋ.
ಅಂಚಿಗೆ ಹದಿಮೂರು ಚುಕ್ಕಿ ಇರಬೇಕು. ಎಣಿಸಿದೆ. ಹನ್ನೆರಡು.
ಒಂದರ ಜಾಗದಲ್ಲಿ ದಾರದ ತೂತು.

‘ಯಾರ್ರೀ ಈಕಿ?’ ಅಂದಳು ಲಾಲ್‌ಬೀ.
‘ಸ್ವಾತಂತ್ರ್ಯ ಅಂತ ಹೆಸರು.’
‘ಯಾರ ಹೇಣ್ತಿ?’
ಪತ್ತಾರ ನಕ್ಕ. ನನಗೆ ನಗು ಬರಲಿಲ್ಲ.
ಒಂದು ಚಹಾ ಆರುವಷ್ಟು ಹೊತ್ತು ಸುಮ್ಮನಿದ್ದೆ:
ತೂಕದ ಬೆಲೆ ಕೊಟ್ಟು ಎತ್ತಿಕೊಳ್ಳಬಹುದಿತ್ತು,
ಪಿಂಚಣಿಯ ದುಡ್ಡು ಅಂಗಿ ಕಿಸೆಯಲ್ಲೇ ಬೆಚ್ಚಗಿತ್ತು.
ಆ ಹೊತ್ತು ನಾನು ಒಳ್ಳೆಯವನಾಗಿರಲಿಲ್ಲ.
ಇದನ್ನೂ ಲೆಡ್ಜರಿಗೆ ಬರೆದಿಡಬೇಕು.

ಕೊನೆಗೆ ಹೇಳಿದೆ: ‘ಇದನ್ನ ಕರಗಿಸಬ್ಯಾಡವಾ.
ತೂಕಕ್ಕಿಂತ ಭಾಳ ಬರ್ತದ.
ತೂತೊಂದು ಇರದಿದ್ರ ಇನ್ನೂ ಭಾಳ ಬರ್ತಿತ್ತು.’

ಅವಳು ನಾಣ್ಯವನ್ನು ಬಿಸಿಲಿಗೆ ಹಿಡಿದು
ತೂತಿಗೆ ಒಂದು ಕಣ್ಣಿಟ್ಟು ಬಜಾರ ನೋಡಿದಳು.
‘ತೂತು ನಮ್ಮಜ್ಜೀದ್ರಿ,’ ಅಂದಳು,
‘ಉಳಿದದ್ದು ಯಾರದೋ.’

ಹತ್ತೊಂಬತ್ತೂ ಮೂಸೆಗೆ ಹೋದವು.
ಟೊಪ್ಪಿಗೆಯವಳು ಕರಿದಾರದಲ್ಲಿ
ಚುಕ್ಕಿ ತಪ್ಪಿದ ಕಡೆಗೆ ಜೋತು,
ಯಾರದೋ ಮಾತಿಗೆ ಕಿವಿಗೊಟ್ಟಂತೆ ಕತ್ತು ಓರೆ ಮಾಡಿ
ಮುದಗಲ್ ಬಸ್ಸು ಹತ್ತಿದಳು.

ಡಬ್ಬದಲ್ಲಿ ಈಗ ಅವಳ ಬೆಳ್ಳಿ ಹಾಳೆ.
ಉಗುರು ತುಸು ಜೋರಾಗಿತ್ತು,
ತೂತಿದ್ದಲ್ಲಿ ಹಾಳೆ ಹರಿದಿದೆ.
ರಾತ್ರಿ ದೀಪಕ್ಕೆ ಅಡ್ಡ ಹಿಡಿದರೆ
ಹದಿಮೂರರಲ್ಲಿ ಅದೊಂದೇ ಚುಕ್ಕಿ ಉರಿಯುತ್ತದೆ.
ಕರೆಂಟು ಹೋದರೆ ಅದೂ ಇಲ್ಲ.