ಮುನ್ನೂರು ಗ್ರಾಂ ಕಡಿಮೆ

ಜೂನ್ ಒಂದರಿಂದ ಬೋಟುಗಳೆಲ್ಲ ಧಕ್ಕೆಯಲ್ಲಿ
ಒಂದಕ್ಕೊಂದು ಮೈ ಉಜ್ಜಿಕೊಂಡು ನಿಂತಿರುತ್ತವೆ.
ಎರಡು ತಿಂಗಳು ಹಿಡಿಯುವ ಹಾಗಿಲ್ಲ;
ಹಿಡಿಯದಿದ್ದರೆ ತೂಗುವುದು ಎಂತದನ್ನು?
ಹಾಗಾಗಿ ನಾವು
ಸತ್ತವರು ಬದುಕಿದವರು ಎನ್ನದೆ
ಬಾಕ್ಸರುಗಳನ್ನು ತೂಗುತ್ತೇವೆ.

ಇದ್ದಿನಬ್ಬನ ಚಾದಂಗಡಿ, ಬಲೆ ಹೊಲಿಯುವವರ ಮೂಲೆ.
ನಾನು ತೂಕದ ರೈಟರು, ಪೆನ್ನು ಕಿವಿಯ ಮೇಲೆ.
ಏಳಕ್ಕೆ ಶುರುವಾದದ್ದು, ಹನ್ನೊಂದಾದರೂ
ಒಂದನೇ ಹೆಸರೇ ಇತ್ಯರ್ಥವಾಗಿಲ್ಲ.

ಇದ್ದಿನಬ್ಬನಿಗೆ ಅಲಿ. ಮೇಲೆ ಯಾರೂ ಇಲ್ಲ.
"ಯುದ್ಧಕ್ಕೆ ಬರುವುದಿಲ್ಲ ಎಂದದ್ದಕ್ಕೆ
ಮೂರೂವರೆ ವರ್ಷ ಆಡಲಿಕ್ಕೆ ಬಿಡಲಿಲ್ಲ ಮಾರಾಯ,
ಅದನ್ನು ಯಾವ ಕಾಲಮಿನಲ್ಲಿ ಬರೆಯುತ್ತೀ?"
ಸಂಜೀವ ಪುತ್ರನ್ ಬಾಯಿಂದ ಸೂಜಿ ತೆಗೆದ:
"ಎಪ್ಪತ್ತೊಂದರ ಮಾರ್ಚ್, ಹದಿನೈದನೇ ಸುತ್ತು,
ಫ್ರೇಜಿಯರನ ಎಡಗೈ ಬಂದಾಗ
ನಿನ್ನ ಅಲಿ ಎಲ್ಲಿದ್ದ? ಅಂಗಾತ."
"ಎದ್ದ."
"ಬಿದ್ದ."
"ಎದ್ದನಲ್ಲವಾ!"
ಬಿದ್ದದ್ದಕ್ಕೆ ಕಳೆಯಬೇಕಾ, ಎದ್ದದ್ದಕ್ಕೆ ಕೂಡಿಸಬೇಕಾ,
ನನ್ನ ಪುಸ್ತಕ ಬಂಗುಡೆಗೆ ಮಾಡಿದ್ದು,
ಅಂಥ ಮನೆ ಅದರಲ್ಲಿಲ್ಲ.

ಪಾಲಿಟೆಕ್ನಿಕ್ಕಿನ ನಿಶಾಂತನಿಗೆ ಲೆಕ್ಕವೇ ದೇವರು:
ಮಾರ್ಸಿಯಾನೋ, ನಲವತ್ತೊಂಬತ್ತಕ್ಕೆ ನಲವತ್ತೊಂಬತ್ತು.
"ಯಾರನ್ನು ಹೊಡೆದ? ಮುದಿ ಲೂಯಿಸನನ್ನು!
ಕೋಳಿ ಅಂಕಕ್ಕೆ ಸಾರಿನ ಹುಂಜ ತಂದ ಹಾಗೆ."
ಲೂಯಿಸ್ ಪಟ್ಟ ಉಳಿಸಿಕೊಂಡದ್ದು ಇಪ್ಪತ್ತೈದು ಸಲ,
ಕೊನೆಗೆ ಅವನನ್ನು ಹಿಂಡಿದ್ದು ತೆರಿಗೆಯವರು.
ಅವರನ್ನೂ ಪಟ್ಟಿಗೆ ಸೇರಿಸು ಅಂದರು ಯಾರೋ.
ಐಸ್ ಪ್ಲಾಂಟಿನ ಹುಡುಗ ಟೈಸನ್ ಎಂದ;
ಎಲ್ಲರೂ ಕಿವಿ ಮುಟ್ಟಿ ನೋಡಿಕೊಂಡರು.

ಬೊನಿಫಾಸ್ ಪೊರ್ಬು ಮಾತ್ರ ಮಾತಾಡಲಿಲ್ಲ,
ಬಸಿಯಲ್ಲಿ ಚಾ ಆರಿಸುತ್ತಿದ್ದರು.

ಎಪ್ಪತ್ತನಾಲ್ಕರಲ್ಲಿ ಇವರ ಕ್ಲಬ್ಬಿಗೆ ತಕ್ಕಡಿ ಇರಲಿಲ್ಲ.
ಆಗ ನನ್ನಪ್ಪ ರೈಟರು.
ಮೀನಿನ ತಕ್ಕಡಿಯನ್ನೇ ಎರಡು ಸಲ ತೊಳೆಸಿ
ಪೊರ್ಬುವನ್ನು ಅಂಜಲಿನ ಹಾಗೆ ಮಲಗಿಸಿ ತೂಗಿದರಂತೆ.
ಎಂಬತ್ತು ಕಿಲೋ ಏಳುನೂರು.
ಹೆವಿವೇಯ್ಟಿಗೆ ಎಂಬತ್ತೊಂದು ಬೇಕು.
ಬೊಂಡ ಕುಡಿಸಿದರು; ಹೆದರಿಕೆಗೆ ಅದು ಒಳಗೆ ನಿಲ್ಲಲಿಲ್ಲ.
ಚಡ್ಡಿಯ ಹಿಂದೆ ಎರಡು ಬಂಗುಡೆ ಸಿಕ್ಕಿಸಿದರು.
ಅಪ್ಪ ಮುಖ ಆಚೆ ತಿರುಗಿಸಿ ಬರೆದರು: ಎಂಬತ್ತೊಂದು.
ಅವರ ಜೀವಮಾನದ ಒಂದೇ ಒಂದು ಕಳ್ಳ ತೂಕ.

ನೆಹರೂ ಮೈದಾನ, ದೋಣಿಯ ಹಗ್ಗದ ರಿಂಗು.
ಎದುರಿಗೆ ಕೊಚ್ಚಿಯ ಹಡಗೊಂದರ ಅಡುಗೆಯವ.
ನಲವತ್ತು ಸೆಕೆಂಡು ನಿಂತರು ಎನ್ನುತ್ತಾರೆ.
ಇದ್ದಿನಬ್ಬನ ಪ್ರಕಾರ ಮೂವತ್ತು,
ಉಳಿದದ್ದು ಬೀಳುವುದಕ್ಕೆ ಹಿಡಿದ ಹೊತ್ತು.

"ಬರೆ," ಅಂದರು ಪೊರ್ಬು, ಬಸಿ ಕೆಳಗಿಟ್ಟು.
"ಒಂದನೇ ನಂಬರು ಆ ಅಡುಗೆಯವ."
"ಹೆಸರು?"
"ಕೇಳಲಿಕ್ಕೆ ಪುರುಸೊತ್ತಾಗಲಿಲ್ಲ.
ಗ್ಲೌಸಿನ ಒಳಗಿಂದಲೂ ಈರುಳ್ಳಿ ವಾಸನೆ ಬರುತ್ತಿತ್ತು."

ಯಾರೂ ನಗಲಿಲ್ಲ.
"ಅಲಿಯನ್ನು ನೀವು ಪೇಪರಿನಲ್ಲಿ ಕಂಡದ್ದು,
ಲೂಯಿಸನನ್ನು ಯಾರೋ ಹೇಳಿ ಕೇಳಿದ್ದು.
ನನ್ನ ಈ ದವಡೆಗೆ ಗೊತ್ತಿರುವವ ಒಬ್ಬನೇ.
ಈಗಲೂ ಗಟ್ಟಿ ಚಕ್ಕುಲಿ ಜಗಿಯುವಾಗ
ಬಲಬದಿಯಲ್ಲಿ ಅವನು ಟಕ್ ಎನ್ನುತ್ತಾನೆ."

ನಾನು ಬರೆದೆ.
ಹೆಸರಿನ ಜಾಗದಲ್ಲಿ ಗೆರೆ ಎಳೆದೆ,
ಊರು ಕೊಚ್ಚಿ, ಕಸುಬು ಅಡುಗೆ.

ಅಷ್ಟರಲ್ಲಿ ಸಂಜೀವ ಪುತ್ರನ್:
"ಬಲಬದಿ ಅಂದ ಮೇಲೆ ಹೊಡೆದದ್ದು ಎಡಗೈ.
ಎಡಗೈ ಅಂದ ಮೇಲೆ ನಾನು ಹೇಳಿದ್ದೇ ಸರಿ, ಫ್ರೇಜಿಯರ್!"
ಮತ್ತೆ ಶುರು.
ಅಲಿ ಎರಡಕ್ಕಿಳಿದರೆ ಚಾದ ಬಾಕಿಯೆಲ್ಲ
ಇವತ್ತೇ ತೀರಿಸಬೇಕೆಂದು ಇದ್ದಿನಬ್ಬನ ಆಜ್ಞೆ.
ಪೊರ್ಬು ಛತ್ರಿ ಹುಡುಕುತ್ತಿದ್ದರು.
ನಾನು ಮೆಲ್ಲ ಕೇಳಿದೆ,
ಆ ಎರಡು ಬಂಗುಡೆ ಆಮೇಲೆ ಎಂತಾಯಿತು?

"ನಿನ್ನಪ್ಪ ಮನೆಗೆ ಕೊಂಡುಹೋದ," ಅಂದರು.