ಮೊಳೆಗೆ ತೂಗಿದ ನಾಲಿಗೆ

ಒಟಾಗೊದ ಗುಡ್ಡಗಳಲ್ಲಿ ಜುಲೈ ಎಂದರೆ ಕಡುಚಳಿ;
ಬಾಗಿಲ ಚಿಲಕಕ್ಕೆ ಬೆರಳು ಅಂಟಿಕೊಳ್ಳುತ್ತದೆ.
ಟೊಂಗಾದಿಂದ ಬಂದು ಹನ್ನೊಂದು ದಿನ,
ಕುರಿಗಳಿಗೆ ಉಣ್ಣೆಯಿತ್ತು, ನಡುಗುವ ಪಾಳಿ ನನ್ನದು.
ಷೆಡ್ಡಿನಲ್ಲಿ ಗಾಡಿ: ನಾಲ್ಕು ಚಕ್ರ, ಎರಡು ಸೀಟು,
ತಲೆಯ ಮೇಲೆ ಕಬ್ಬಿಣದ ಪಂಜರ,
ಹಿಂದಿನ ತೊಟ್ಟಿಯಲ್ಲಿ ಫ್ಲೋ ಎಂಬ ನಾಯಿ,
ಕೆಲಸದಲ್ಲಿ ನನಗಿಂತ ಏಳು ವರ್ಷ ಹಿರಿಯಳು.

ಕೈ ಚಾಚಿದೆ. ಮೊರಾಗ್ ಕೀಲಿಕೈ ಕೊಡಲಿಲ್ಲ.
"ಮೊದಲು ಬಗ್ಗು, ತೇವಿತಾ.
ಗಾಡಿಗೆ ಬಗ್ಗದವನು ಗಾಡಿಯಡಿ ಮಲಗುತ್ತಾನೆ."

ಬಗ್ಗಿದೆ.
ಟೈರನ್ನು ಹೆಬ್ಬೆರಳಲ್ಲಿ ಒತ್ತಿ ತಲೆಯಾಡಿಸಿದೆ.
"ಅದು ಮಾವಿನ ಹಣ್ಣಲ್ಲ. ಮಾಪಕ ಇಟ್ಟು ನೋಡು.
ಒಂದು ಚಕ್ರಕ್ಕೆ ಗಾಳಿ ಕಮ್ಮಿಯಿದ್ದರೆ
ಗುಡ್ಡಕ್ಕೆ ಅದು ನಿನಗಿಂತ ಮುಂಚೆ ಗೊತ್ತಾಗುತ್ತೆ."
ಏರ್ ಫಿಲ್ಟರ್ ತಟ್ಟಿದೆ, ಫೆಬ್ರವರಿಯ ಧೂಳು ಉದುರಿತು,
ಇಡೀ ಬೇಸಿಗೆಯನ್ನು ಎದೆಯಲ್ಲಿಟ್ಟುಕೊಂಡು ದುಡಿದಿತ್ತು ಪಾಪ.
ಹೊಗೆಕೊಳವೆಯ ಸಂದಿಯಲ್ಲಿ ಒಣಹುಲ್ಲು,
ಹಕ್ಕಿಯ ಗೂಡಿನಷ್ಟು.
"ಕಿತ್ತುಹಾಕು. ಬೆಂಕಿ ಅಲ್ಲಿ ಮೊಟ್ಟೆಯಿಡುತ್ತೆ."
ಆಮೇಲೆ ಗ್ರೀಸು, ಕೀಲು ಕೀಲಿಗೂ,
ಹಳೆಯ ಕಪ್ಪು ಹೊರಬಂದು
ಹೊಸ ಹಳದಿ ಕಣ್ಣುಬಿಡುವ ತನಕ.

ಕೈ ಒರೆಸುತ್ತ ನೋಡಿದೆ: ಗೋಡೆಯ ಮೊಳೆಗೆ
ಒಂದು ಲೋಹದ ಚೂರು ತೂಗುತ್ತಿತ್ತು,
ಸೀಟ್ ಬೆಲ್ಟಿನ ನಾಲಿಗೆ, ಪಟ್ಟಿಯಿಂದ ಕತ್ತರಿಸಿದ್ದು.
ಕೇಳಲಿಲ್ಲ. ಅವಳೇ ಹೇಳಿದಳು,
ಡೀಸೆಲ್ ಡಬ್ಬಿಯ ಮೇಲೆ ಕೂತು, ಎಡಗಾಲು ಉದ್ದ ಚಾಚಿ.

"ಬೆಲ್ಟು ಹಾಕದಿದ್ದರೆ ಇದು ಕೂಗುತ್ತೆ, ಬೀಪ್ ಬೀಪ್ ಬೀಪ್.
ದಿನಕ್ಕೆ ನಲವತ್ತು ಗೇಟು, ನಲವತ್ತು ಸಲ ಇಳಿದು ಹತ್ತು.
ಯಾರಿಗಿದೆ ಅಷ್ಟು ತಾಳ್ಮೆ?
ಗುಜರಿಯಿಂದ ಇದನ್ನು ತಂದು ಕೊಂಡಿಗೆ ಸಿಕ್ಕಿಸಿದೆ.
ಗಾಡಿ ನಂಬಿತು.
ಸುಳ್ಳಿನ ನಾಲಿಗೆ ಬಾಯಲ್ಲಿದ್ದರೆ
ನಿಜದ್ದು ತೆಪ್ಪಗಿರುತ್ತೆ ನೋಡು.
ಮೂರು ವರ್ಷ ಮೌನ. ಎಷ್ಟು ಸುಖ!

"ಆಮೇಲೆ ಮುಳ್ಳುಪೊದೆಗೆ ಔಷಧಿ ಹೊಡೆಯುವ ದಿನ.
ತುಂಬಿದ ಕೊಡ ತುಳುಕುವುದಿಲ್ಲ ಸರಿ,
ನನ್ನ ಟ್ಯಾಂಕು ಅರ್ಧ.
ಇಳಿಜಾರಿಗೆ ಅಡ್ಡ ಹೋದೆನೋ ಇಲ್ಲವೋ,
ನೀರೆಲ್ಲ ಕೆಳಬದಿಗೆ ಓಡಿಹೋಗಿ
ಅಲ್ಲಿಂದ ಗಾಡಿಯನ್ನು ಕರೆಯಿತು: ಬಾ.
ವಾಲಿದಾಗ ಕಾಲು ತಾನಾಗಿ ಹೊರಬಂತು
ಅಷ್ಟು ಭಾರವನ್ನು ಒಂದು ಬೂಟಿನಿಂದ ತಡೆಯಲು!
ಕಾಲಿಗೆ ಬುದ್ಧಿ ಹೇಳುವುದೆಂದರೆ ಓಡುವುದು, ಊರಿನ ಮಾತು.
ಈ ಸೀಟಿನಲ್ಲಿ ಕಾಲಿಗೆ ಹೇಳುವ ಬುದ್ಧಿ ಬೇರೆ:
ಒಳಗಿರು. ಏನೇ ಆಗಲಿ ಒಳಗಿರು.
ಪಂಜರ ಇರೋದು ಒಳಗಿದ್ದವರಿಗೆ."

ಎದ್ದಳು. ಮೊಣಕಾಲಿನ ಕೆಳಗೆ ಅವಳ ಪ್ಯಾಂಟು
ಬೇರೆಯೇ ಒಂದು ರೀತಿ ಮಡಚಿಕೊಂಡಿತು.
ಕೀಲಿಕೈ ಬಿಸಿಯಾಗಿತ್ತು, ಇಷ್ಟು ಹೊತ್ತೂ
ಅವಳ ಮುಷ್ಟಿಯಲ್ಲಿತ್ತಲ್ಲ.

ಆರು ಹುಲ್ಲಿನ ಕಂತೆ ಕೆಳಗೆ, ಒತ್ತಾಗಿ, ಬಿಗಿದು ಕಟ್ಟಿ,
ಸಣ್ಣ ಗೇರಿನಲ್ಲಿ ಹೊರಟೆ. ನಡೆಯುವವರ ವೇಗ;
ಫ್ಲೋ ಬೇಸತ್ತು ಧುಮುಕಿ ಮುಂದೆ ಓಡಿದಳು.
ಮೊದಲ ಗೇಟು, ಬೀಪ್. ಎರಡನೆಯದು, ಬೀಪ್.
ಒಂಬತ್ತನೆಯದರಲ್ಲಿ ಮೊರಾಗಳ ಗುಜರಿ ಪಯಣ
ನನಗೆ ಚೆನ್ನಾಗಿ ಅರ್ಥವಾಯಿತು.
ಬೈದುಕೊಂಡೇ ಬೆಲ್ಟು ಎಳೆದೆ.

ಮೇಲಿನ ತಿರುವಿನಲ್ಲಿ, ಬೆಟ್ಟದ ನೆರಳು ಬಿದ್ದಲ್ಲಿ,
ಹಾದಿ ಹೊಳೆಯುತ್ತಿತ್ತು.
ಹನ್ನೊಂದು ಗಂಟೆಯಾದರೂ ಕರಗದ ಹಿಮ,
ಹಾದಿ ಕೆಳಬದಿಗೆ ವಾರೆ, ಅದರಾಚೆ ಬರಿಯ ಗಾಳಿ.
ಇನ್ನೂರೇ ಗಜ. ಕುರಿಗಳು ಕಾಣುತ್ತಿದ್ದವು,
ನನ್ನನ್ನೇ ನೋಡುತ್ತಿದ್ದವು, ಬಾಡಿಗೆ ಕೊಟ್ಟವರ ಹಾಗೆ.

ನೇರ ಹಿಂದಕ್ಕೆ ತಂದೆ, ಸಮತಟ್ಟಿಗೆ.
ಬ್ರೇಕು ಎಳೆದೆ, ಚಕ್ರಕ್ಕೆ ಕಲ್ಲಿಟ್ಟೆ,
ಕೀಲಿಕೈ ಜೇಬಿಗೆ.
ಕಂತೆ ಹೆಗಲಿಗೇರಿಸಿ ಹುಲ್ಲಂಚಿನಲ್ಲಿ ಏರಿದೆ.
ಆರು ಕಂತೆ, ಆರು ಸಲ.
ಕೊನೆಯ ಸಲಕ್ಕೆ ನಡುಕ ನಿಂತೇಹೋಗಿತ್ತು.

ಮರಳಿದಾಗ ಮೂರು ಗಂಟೆ, ಊಟ ತಣ್ಣಗೆ.
ತಡವೇಕೆಂದು ಹೇಳಲು ಬಾಯಿ ತೆರೆದೆ.
ಮೊರಾಗ್ ನನ್ನ ಹೆಗಲಿಗಂಟಿದ ಹುಲ್ಲು ನೋಡಿದಳು,
ಆಮೇಲೆ ಗಾಡಿಯ ಹೊಟ್ಟೆಯತ್ತ ನೋಡಿದಳು:
"ಕೆಸರು ಒಣಗುವ ಮುಂಚೆ ತೊಳೆ."