ಬಟ್ಟೆ ಒಣಹಾಕುವ ಹಗ್ಗ

ವಿಲ್ಯಾಂಡಿಯಲ್ಲಿ, ಕೆರೆಗೆ ಇಳಿಯುವ ಓಣಿಯಲ್ಲಿ
ಮೈಮು ಚಿಕ್ಕಮ್ಮನ ಹಗ್ಗಕ್ಕೊಂದು ಕಟ್ಟಳೆಯಿತ್ತು.
ನೀಲಿ ಏಪ್ರನ್ನು ಸೋಮವಾರ,
ಕಪ್ಪು ತಲೆವಸ್ತ್ರ ಗುರುವಾರ,
ಬಿಳಿ ದಿಂಬಿನ ಚೀಲ ಯಾವಾಗಲಾದರೂ ಸರಿ,
ಒಂಟಿಯಾಗಿದ್ದರೆ.

ಏಳು ವರ್ಷದ ನಾನೊಮ್ಮೆ
ಕೈನೆರವಾಗುವ ಹುರುಪಿನಲ್ಲಿ
ಮೂರನ್ನೂ ಸಾಲಾಗಿ ಸಿಕ್ಕಿಸಿದೆ.
ಓಡಿಬಂದಳು, ಕೈಯೆಲ್ಲ ರೈ ಹಿಟ್ಟು.
ಕಪ್ಪನ್ನು ಸೆಳೆದುಕೊಂಡಳು. ಬೈಯಲಿಲ್ಲ.
ಬೇಲಿಯಾಚೆ ನೋಡಿದಳು, ಅಷ್ಟೇ.
ಗೋಡೆಗೂ ಕಿವಿಯುಂಟು ಅನ್ನುತ್ತಾರೆ,
ನಮ್ಮಲ್ಲಿ ಹಗ್ಗಕ್ಕೂ ಕಣ್ಣಿತ್ತು.

ಎಂಬತ್ತೆಂಟರ ಜೂನ್. ಕತ್ತಲಾಗಲು ಒಲ್ಲದ ರಾತ್ರಿ.
ಬೀದಿಯಲ್ಲಿ ಹಾಡುತ್ತಿದ್ದರು,
ಚದುರಿಸಲು ಯಾರೂ ಬರಲಿಲ್ಲ.
ಚಿಕ್ಕಮ್ಮ ಕನ್ನಡಕ ಏರಿಸಿ
ಏಪ್ರನ್ನಿನ ಜೇಬು ಬಿಚ್ಚತೊಡಗಿದಳು.
ಆಗ ತಿಳಿಯಿತು ನನಗೆ:
ಮೂರೂ ಹಿಂದೊಮ್ಮೆ ಒಂದೇ ಬಟ್ಟೆ,
ಅವಳಪ್ಪ ಕಂಬದಿಂದ ಇಳಿಸಿ ತಂದ ರಾತ್ರಿಯೇ
ಅವಳವ್ವ ಕತ್ತರಿಯಾಡಿಸಿ ಬದುಕಿಸಿದ್ದು.

ನೀಲಿ ಆಕಾಶ, ಕಪ್ಪು ನೆಲ, ಬಿಳಿ ಹಿಮ
ಎಂದು ಆಮೇಲೆ ಓದಿದೆ, ಇರಬಹುದು.
ನನಗೆ ನೀಲಿಯೆಂದರೆ ಈಗಲೂ ಈರುಳ್ಳಿಯ ವಾಸನೆ;
ಕಪ್ಪಿನ ಮೇಲೆ ಹಿಟ್ಟಿನ ಐದು ಬೆರಳು;
ಬಿಳಿಯ ಮೇಲೆ ಅವಳು
ನಲವತ್ತೆಂಟು ವರ್ಷ ಮಲಗಿ ಎದ್ದಿದ್ದಳು.

ಅಳತೆ ಕೂಡಲಿಲ್ಲ. ನೀಲಿ ಒಂದು ಗೇಣು ಕಡಿಮೆ,
ಒಗೆದೊಗೆದು ಬೂದಿಬಣ್ಣ.
ಹೊಸದು ತರಲೇ ಅಂದೆ.
"ನಮ್ಮ ಆಕಾಶ ಯಾವತ್ತು ಅಷ್ಟು ನೀಲಿಯಿತ್ತು?"
ಅಂದು ದಾರ ಕಡಿದಳು.

ಕಂಬವಿರಲಿಲ್ಲ.
ಅದೇ ಹಗ್ಗಕ್ಕೆ ಏರಿಸಿದಳು, ಬೇಲಿಯ ಕಡೆ ಮುಖಮಾಡಿ.
ನೆರೆಯವರು ಒಬ್ಬೊಬ್ಬರೇ ಬಂದು ನಿಂತರು, ಟೊಪ್ಪಿಗೆ ತೆಗೆದರು,
ಏನಾದರೂ ಹೇಳು ಮೈಮು ಅಂದರು.
ಅವಳು ಹೇಳಲಿಲ್ಲ.
ಬಾಯಲ್ಲಿ ಇನ್ನೂ ಒಂದು ಕ್ಲಿಪ್ಪು ಇತ್ತು.